ಸಿಎಸ್‌ಆರ್ ಫೋಟೋದಲ್ಲಿ ನಾನೂ ಇದೀನಿ, ನನ್ನ ಬಿಲ್ ಮಾತ್ರ ಪೆಂಡಿಂಗ್

ಮೊನ್ನೆ ನಮ್ಮ ದೊಡ್ಡ ಕಸ್ಟಮರ್ ಕಂಪನಿಯವ್ರು (ಹೆಸರು ಬೇಡ, ಇನ್ನೂ ಅವರ ಹತ್ರ ನನ್ನ ದುಡ್ಡಿದೆ) ಒಂದು ಸಿಎಸ್‌ಆರ್ (ಕಂಪನಿ ಲಾಭದಲ್ಲಿ ಸ್ವಲ್ಪ ಸಮಾಜಕ್ಕೆ ಖರ್ಚು ಮಾಡೋದು) ಫಂಕ್ಷನ್‌ಗೆ ಕರೆದಿದ್ರು. ನೆಲಮಂಗಲ ದಾಟಿ ಒಳಗೆ ಹೋದ್ರೆ ಒಂದು ಸರ್ಕಾರಿ ಶಾಲೆ, ಅಲ್ಲಿ ಕುಡಿಯೋ ನೀರಿನ ಆರ್‌ಓ ಪ್ಲಾಂಟ್ ಉದ್ಘಾಟನೆ. ಸಪ್ಲೈಯರ್ಸ್ ಎಲ್ಲಾ ಬರ್ಲೇಬೇಕು ಅಂತ ಅವರ ಪರ್ಚೇಸ್ ಡಿಪಾರ್ಟ್‌ಮೆಂಟಿಂದ ವಾಟ್ಸಾಪ್. ಹೋದೆ. ಪರ್ಚೇಸ್‌ನವ್ರು ಕರೆದಾಗ ಆಗಲ್ಲ ಅನ್ನೋ ಧೈರ್ಯ ಪೀಣ್ಯದಲ್ಲಿ ಯಾರಿಗಿದೆ ಹೇಳಿ.

ಶಾಮಿಯಾನ, ಮೈಸೂರು ಪೇಟ, ಬಿಸಿಲಲ್ಲಿ ಸಾಲಾಗಿ ನಿಂತ ಮಕ್ಕಳ ಕೈಲಿ ಒಂದೊಂದು ರೋಜಾ. ಗೋಡೆ ಮೇಲೆ ಕಂಪನಿ ಬೋರ್ಡು. ಮೆಷಿನ್‌ಗಿಂತ ಬೋರ್ಡೇ ಅಗಲ ಇತ್ತು, ಸುಮ್ನೆ ಹೇಳ್ತಿಲ್ಲ, ಮೈಕ್ರೋಮೀಟರ್ ಹಿಡಿದು ಅನ್ನ ತಿನ್ನೋನು ನಾನು, ಕಣ್ಣಳತೆ ಅಷ್ಟು ತಪ್ಪಲ್ಲ. ಪಕ್ಕದಲ್ಲೇ ಇನ್ನೊಂದು ಹಳೇ ಆರ್‌ಓ, ಬೇರೆ ಯಾವ್ದೋ ಕಂಪನಿ ಬೋರ್ಡು, ನಲ್ಲಿಗೆ ಗೋಣಿದಾರ ಸುತ್ತಿ ಬಿಗಿದಿದ್ರು. ಹೆಡ್‌ಮಾಸ್ಟರ್‌ನ ಕೇಳಿದ್ರೆ "ಫಿಲ್ಟರ್ ಹೋಗಿ ಎರಡು ವರ್ಷ ಆಯ್ತು ಸಾರ್, ಫೋನ್ ಮಾಡಿದ್ರೆ ಆ ಪ್ರಾಜೆಕ್ಟ್ ಕ್ಲೋಸ್ ಆಗಿದೆ ಅಂತಾರೆ" ಅಂದ್ರು. ಸ್ಟೇಜ್ ಮೇಲೆ ಸಾಹೇಬ್ರು ಮೈಕ್ ಹಿಡಿದು, ಸಮಾಜದಿಂದ ತಗೊಂಡಿದ್ದನ್ನ ಸಮಾಜಕ್ಕೆ ವಾಪಸ್ ಕೊಡ್ಬೇಕು ಅಂತ ಹೇಳ್ತಿದ್ರು, ನಾನೂ ಚಪ್ಪಾಳೆ ಹೊಡೀತಾ ಮನಸಲ್ಲೇ ಎಣಿಸ್ತಿದ್ದೆ, ನನ್ನಿಂದ ತಗೊಂಡಿದ್ದಕ್ಕೆ ಇವತ್ತಿಗೆ 132 ದಿನ.

ಗೊತ್ತಿಲ್ದೇ ಇರೋರಿಗೆ ನಮ್ಮ ಕಥೆ ಸ್ವಲ್ಪ ಹೇಳ್ತೀನಿ. ಕಂಪ್ಯೂಟರ್ ಹೇಳಿದಂಗೆ ಲೋಹ ಕಡಿಯೋ ಎರಡು ಸಿಎನ್‌ಸಿ ಮೆಷಿನ್, ಅಪ್ಪನ ಕಾಲದ ಒಂದು ಲೇತ್, ಏಳು ಜನ ಹುಡುಗರು, ಇಷ್ಟೇ ನಮ್ಮ ಶಾಪು. ಆ ಕಂಪನಿಗೆ ಬುಷ್, ಪಿನ್ ಅಂತ ಸಣ್ಣ ಸ್ಟೀಲ್ ಪಾರ್ಟ್ಸ್ ಮಾಡಿ ಕೊಡ್ತೀವಿ, ಮೆಟೀರಿಯಲ್ ನಮ್ದೇ. ಈ ಬಿಲ್ಲು 3,40,000, ಅದರ ಮೇಲೆ 18% ಜಿಎಸ್‌ಟಿ 61,200. ಸ್ಟೀಲ್ ಅಂಗಡಿಯವನಿಗೆ ಮೊದಲೇ ಕ್ಯಾಶು. ಜಿಎಸ್‌ಟಿ ಮುಂದಿನ ತಿಂಗಳು 20ಕ್ಕೆ ಕಟ್ಲೇಬೇಕು, ಇನ್‌ಪುಟ್ (ಮಾಲು ತಗೊಳ್ವಾಗ ಕಟ್ಟಿರೋ ಜಿಎಸ್‌ಟಿ) ಕಳೆದು ಉಳಿದಿದ್ದು ನನ್ನ ಜೇಬಿಂದಾನೇ, ಕಂಪನಿ ನಂಗೆ ಕೊಟ್ಟಿದೆಯೋ ಇಲ್ವೋ ಸರ್ಕಾರಕ್ಕೆ ಅದು ಬೇಕಿಲ್ಲ. ಏಳನೇ ತಾರೀಕು ಹುಡುಗರ ಸಂಬಳ. ಇದಕ್ಕೆಲ್ಲ ಬ್ಯಾಂಕ್ ಓಡಿ, ಅಂದ್ರೆ ಓವರ್‌ಡ್ರಾಫ್ಟ್ ಸಾಲ, ಅದರ ಬಡ್ಡಿ ನಂದು. ಅಂದ್ರೆ ಏನಾಯ್ತು, ಸಾವಿರಾರು ಕೋಟಿ ಕಂಪನಿಗೆ ಏಳು ಜನರ ಶಾಪು ಬಡ್ಡಿ ಇಲ್ಲದ ಸಾಲ ಕೊಟ್ಟಂಗಾಯ್ತು. ಆ ಆರ್‌ಓ ಪ್ಲಾಂಟಲ್ಲಿ ನನ್ನ ಬಡ್ಡಿ ದುಡ್ಡೂ ಇದೆ ಅಂತ ನಾನು ಹೇಳ್ಕೊಂಡ್ರೆ ತಪ್ಪಾ?

ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ನಮ್ಮಜ್ಜಿ ಬೈಯ್ಯೋರು. ಅಜ್ಜಿಗೆ ಸಿಎಸ್‌ಆರ್ ಗೊತ್ತಿರಲಿಲ್ಲ ಪಾಪ.

ಕಾನೂನು ಇಲ್ಲ ಅಂತಲ್ಲ, ತಮಾಷೆ ಇರೋದೇ ಅಲ್ಲಿ. 2013ರ ಕಂಪನಿ ಕಾಯ್ದೆ ಸೆಕ್ಷನ್ 135, 500 ಕೋಟಿ ನೆಟ್‌ವರ್ತ್ ಅಥವಾ 1000 ಕೋಟಿ ಟರ್ನೋವರ್ ಅಥವಾ 5 ಕೋಟಿ ಲಾಭ, ಇದರಲ್ಲಿ ಯಾವುದಾದ್ರೂ ಒಂದು ಇದ್ರೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಿಎಸ್‌ಆರ್‌ಗೆ ಹಾಕ್ಬೇಕು. 2021ರಿಂದ ಇದು ಸೀರಿಯಸ್ ಆಗಿದೆ. ನಡೀತಿರೋ ಪ್ರಾಜೆಕ್ಟ್ ದುಡ್ಡು ಉಳಿದ್ರೆ ವರ್ಷ ಮುಗಿದ 30 ದಿನದಲ್ಲಿ ಬೇರೆ ಅಕೌಂಟಿಗೆ ಹಾಕ್ಬೇಕು, ಬೇರೆ ಉಳಿಕೆ ಆರು ತಿಂಗಳೊಳಗೆ ಸರ್ಕಾರ ಹೇಳಿರೋ ಫಂಡಿಗೆ ಹೋಗ್ಬೇಕು, ತಪ್ಪಿಸಿದ್ರೆ ಕಂಪನಿಗೂ ದಂಡ, ಆಫೀಸರ್‌ಗಳಿಗೂ ದಂಡ. ಹಾಗಾಗಿ ದಾನದ ದುಡ್ಡು ಟೈಮಿಗೆ ಸರಿಯಾಗಿ ಹೋಗುತ್ತೆ.

ನಮಗೂ ಒಂದು ಕಾಯ್ದೆ ಇದೆ, ಸಣ್ಣ ಉದ್ಯಮಗಳ ಎಂಎಸ್‌ಎಂಇಡಿ ಕಾಯ್ದೆ, ಅದಕ್ಕಿಂತ ಹಳೇದು, 2006ದು. ಸಣ್ಣ ಸಪ್ಲೈಯರ್‌ಗೆ ಅಗ್ರಿಮೆಂಟ್ ಇದ್ರೆ ಹೆಚ್ಚಂದ್ರೆ 45 ದಿನ, ಇಲ್ಲಾಂದ್ರೆ 15 ದಿನದಲ್ಲಿ ಕೊಡ್ಬೇಕು, ತಡ ಆದ್ರೆ ಆರ್‌ಬಿಐ ಬ್ಯಾಂಕ್ ರೇಟ್‌ನ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಂದ್ಸಲ ಚಕ್ರಬಡ್ಡಿ. ಓದೋಕೆ ಎಷ್ಟು ಚೆನ್ನಾಗಿದೆ ನೋಡಿ. ಆದ್ರೆ ಬಡ್ಡಿ ಕೇಳಿ ಲೆಟರ್ ಬರೆದೋನಿಗೆ ಮುಂದಿನ ಪಿಒ (ಪರ್ಚೇಸ್ ಆರ್ಡರ್) ಬರುತ್ತಾ? ದೂರು ಕೊಡೋಕೆ ಸರ್ಕಾರದ ಪೋರ್ಟಲ್ ಇದೆ, ಅದನ್ನ ತೀರ್ಮಾನ ಮಾಡೋಕೆ ಕೌನ್ಸಿಲ್ ಇದೆ, 90 ದಿನದಲ್ಲಿ ತೀರ್ಮಾನ ಆಗ್ಬೇಕು ಅಂತ ಕಾಯ್ದೇಲೇ ಬರೆದಿದೆ. ನಮ್ಮ ರೋಡಲ್ಲಿ ಅಲ್ಲಿಗೆ ಹೋದ ಒಬ್ರೇ ಒಬ್ರು ನನಗೆ ಗೊತ್ತು, ಅವ್ರು ಶಾಪ್ ಮುಚ್ಚಿದ ಮೇಲೆ ಹೋದ್ರು.

45 ದಿನ ಎಲ್ಲಿಂದ ಶುರು ಅನ್ನೋದೇ ಇನ್ನೊಂದು ಆಟ. ಮಾಲು ಗೇಟಿಗೆ ಹೋದ ದಿನ ಡೆಲಿವರಿ ಚಲನ್ ಮೇಲೆ ಸೆಕ್ಯುರಿಟಿ ಸೀಲ್ ಬೀಳುತ್ತೆ. ಮಾಲು ಒಪ್ಕೊಂಡ್ವಿ ಅನ್ನೋ ಜಿಆರ್‌ಎನ್ ಚೀಟಿ ಮಾತ್ರ ಆಗಲ್ಲ. ಸ್ಟೋರ್ಸ್‌ಗೆ ಕೇಳಿದ್ರೆ ಕ್ವಾಲಿಟಿ ಅಂತಾರೆ, ಕ್ವಾಲಿಟಿಗೆ ಕೇಳಿದ್ರೆ ಇನ್ಸ್‌ಪೆಕ್ಟರ್ ರಜೆ. ಅಷ್ಟರಲ್ಲಿ ನನ್ನ ಬುಷ್‌ಗಳು ಲೈನಲ್ಲಿ ಅಸೆಂಬ್ಲಿ ಆಗಿ ಗಾಡಿ ಹತ್ತಿರುತ್ತೆ! ಹದಿನೈದು ದಿನದಲ್ಲಿ ಬರೆದು ಆಕ್ಷೇಪ ಹೇಳದಿದ್ರೆ ಮಾಲು ಕೊಟ್ಟ ದಿನದಿಂದಲೇ ಲೆಕ್ಕ ಅಂತ ಅದೇ ಕಾಯ್ದೇಲಿದೆ, ಸ್ಟೋರ್ಸ್ ಕೌಂಟರ್ ಮುಂದೆ ನಿಂತು ಅದನ್ನ ಓದಿ ಹೇಳೋಕಾಗುತ್ತಾ.

2024ರ ಏಪ್ರಿಲ್‌ನಿಂದ ಇನ್‌ಕಮ್ ಟ್ಯಾಕ್ಸ್‌ನಲ್ಲಿ 43ಬಿ(ಎಚ್) ಅಂತ ಬಂತು, ಮೈಕ್ರೋ ಮತ್ತೆ ಸ್ಮಾಲ್, ಅಂದ್ರೆ ನಮ್ಮಂಥ ಸಣ್ಣ ಉದ್ಯಮದವ್ರಿಗೆ ಟೈಮಿಗೆ ಕೊಡದಿದ್ರೆ ಆ ವರ್ಷ ಆ ಖರ್ಚು ತೋರ್ಸಂಗಿಲ್ಲ. ನಾವೆಲ್ಲ ಖುಷಿ ಪಟ್ವಿ. ಆಮೇಲೆ ಗೊತ್ತಾಯ್ತು, ಅದೇ ವರ್ಷದೊಳಗೆ ತಡವಾಗಿ ಕೊಟ್ರೂ ಟ್ಯಾಕ್ಸ್‌ಗೇನೂ ಪೆಟ್ಟಿಲ್ಲ. ಸೋ ಈಗ ಮಾರ್ಚ್ ಕೊನೇ ವಾರ ಪಟಪಟ ಅಂತ ದುಡ್ಡು ಬರುತ್ತೆ, ಏಪ್ರಿಲ್‌ನಿಂದ ಮತ್ತೆ ಹಳೇ ರಾಗ. ಜಿಎಸ್‌ಟೀಲೂ ಹಂಗೇ, 180 ದಿನದೊಳಗೆ ಸಪ್ಲೈಯರ್‌ಗೆ ಕೊಡದಿದ್ರೆ ಕಂಪನಿ ತಗೊಂಡ ಇನ್‌ಪುಟ್ ವಾಪಸ್ ಕಟ್ಬೇಕು, ಅದಕ್ಕೇ ಕೆಲವು ಕಡೆ 170 ದಾಟಿದ ಮೇಲೆ ಅಕೌಂಟ್ಸ್‌ನವ್ರೇ ಫೋನ್ ಮಾಡಿ ಬ್ಯಾಂಕ್ ಡೀಟೇಲ್ಸ್ ಕೇಳ್ತಾರೆ, ಎಷ್ಟು ಪ್ರೀತಿ.

ಇನ್ನೊಂದು ಹೇಳ್ದೇ ಇರೋಕಾಗಲ್ಲ. ವರ್ಷಕ್ಕೊಂದ್ಸಲ ಅದೇ ಕಂಪನಿಯಿಂದ ಎಥಿಕ್ಸ್ ಫಾರ್ಮ್ ಬರುತ್ತೆ, ಪೇಜ್ ಪೇಜಿಗೂ ಸೀಲ್ ಹಾಕಿ ಸೈನ್ ಮಾಡ್ಬೇಕು. ಬಾಲಕಾರ್ಮಿಕರಿಲ್ಲ, ಲಂಚ ಕೊಡಲ್ಲ, ಕೆಲಸಗಾರರಿಗೆ ಟೈಮಿಗೆ ಸರಿಯಾಗಿ ಸಂಬಳ ಕೊಡ್ತೀನಿ. ಕೊಡ್ತೀನಪ್ಪ, ಹೆಂಡ್ತಿ ಬಳೆ ಇಟ್ಟಾದ್ರೂ ಕೊಡ್ತೀನಿ. ನಿಮ್ಮ ಕಡೆಯಿಂದ ನನಗೆ ಸೈನ್ ಮಾಡಿ ಕೊಡೋ ಫಾರ್ಮ್ ಎಲ್ಲಿ?

ಸಿಎಸ್‌ಆರ್ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮೂರ ಶಾಲೆಗೆ ಬೆಂಚು ಬಂದಿದ್ದು ಯಾವ್ದೋ ಕಂಪನಿ ದುಡ್ಡಿಂದಾನೇ, ನಾವು ನೆಲದ ಮೇಲೆ ಕೂತು ಓದಿದ್ವಿ, ಈಗಿನ ಮಕ್ಕಳು ಬೆಂಚ್ ಮೇಲೆ ಕೂತಿದಾರೆ, ಸಂತೋಷ. ಆದ್ರೆ ಆ 2% ಯಾವ ಶಾಲೆಗೆ ಹೋಯ್ತು ಅನ್ನೋದಕ್ಕಿಂತ ಉಳಿದ 98% ಹೆಂಗೆ ಬಂತು ಅಂತ ಕೇಳೋದೇ ಮೊದಲು ಅನ್ನೋದು ನನ್ನ ವಾದ. ಷೇರು ತಗೊಳ್ಳೋ ಫ್ರೆಂಡ್ಸ್ ಇದ್ರೆ ಒಂದು ಕೆಲಸ ಮಾಡಿ, ಷೇರು ಮಾರ್ಕೆಟ್ ನೋಡ್ಕೊಳ್ಳೋ ಸೆಬಿ 2023ರಲ್ಲಿ ತಂದ ಬಿಆರ್‌ಎಸ್‌ಆರ್ ಕೋರ್ ಅನ್ನೋ ರಿಪೋರ್ಟ್‌ನಲ್ಲಿ ಕಂಪನಿ ಸಪ್ಲೈಯರ್‌ಗಳಿಗೆ ದುಡ್ಡು ಕೊಡೋಕೆ ಎಷ್ಟು ದಿನ ತಗೊಳ್ಳುತ್ತೆ ಅಂತ ಒಂದು ಲೈನ್ ಇದೆ. ಗಿಡ ನೆಡ್ತಿರೋ ಫೋಟೋ ಪಕ್ಕಕ್ಕಿಟ್ಟು ಆ ಲೈನ್ ಹುಡುಕಿ.

ಇಷ್ಟೆಲ್ಲ ಬರೆದು ಪೋಸ್ಟ್ ಮಾಡೋಣ ಅಂತಿದ್ದಾಗ ಸುಂಕದಕಟ್ಟೆಯಿಂದ ನಮ್ಮ ಪ್ಲೇಟಿಂಗ್‌ನವ್ರ ಫೋನ್ ಬಂತು. ಗಂಡ ಹೆಂಡ್ತಿ ಇಬ್ರೇ ಸೇರಿ ನಡೆಸೋ ಶೆಡ್ ಅದು, ನನ್ನ ಪಿನ್‌ಗಳಿಗೆ ಝಿಂಕ್ ಹಾಕಿ ಕೊಡ್ತಾರೆ. ಎತ್ತಲಿಲ್ಲ. ಯಾಕಂದ್ರೆ ಅವ್ರಿಗೆ ನಾನು 62 ಸಾವಿರ ಕೊಡ್ಬೇಕು, ಡೈರಿ ತೆಗೆದು ನೋಡಿದ್ರೆ 80 ದಿನ ದಾಟಿದೆ. ಕಂಪನಿಯಿಂದ ಬಂದಿಲ್ಲ ಅಣ್ಣ, ಬಂದ ತಕ್ಷಣ ನಿಮಗೇ ಮೊದಲು ಅಂತ ಎರಡು ಸಲ ಹೇಳಿದ್ದೀನಿ. ಅವ್ರ ಹತ್ರ ಓಡಿ ಅಕೌಂಟೂ ಇಲ್ಲ.

ಫೋನ್‌ಪೇಲಿ 40 ಸಾವಿರ ಕಳಿಸ್ದೆ. ಎರಡೇ ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು, "ಬಂತು ಸಾರ್, ಇನ್ನ 22 ಯಾವಾಗ?"