ಬಲಿ ಎಂಬ ಎರಡಕ್ಷರ

ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದ ದಿನಗಳ ಮಾತು. ಜಿಲ್ಲಾ ಪುಟ ರಾತ್ರಿ ಹನ್ನೊಂದಕ್ಕೆ ಮುದ್ರಣಕ್ಕೆ ಹೋಗಬೇಕಿತ್ತು. ಕೊನೆಗೆ ಉಳಿದದ್ದು ಒಂದು ಕಾಲಂನ ಸಣ್ಣ ಸುದ್ದಿ: ಶಾಲೆ ಬಿಟ್ಟು ಮನೆಗೆ ನಡೆದು ಹೋಗುತ್ತಿದ್ದ ಹುಡುಗಿಗೆ ಲಾರಿ ಬಡಿದಿತ್ತು. ಅಷ್ಟು ಅಗಲಕ್ಕೆ ಹಿಡಿಸುವ ಅಕ್ಷರಗಳು ಬೆರಳೆಣಿಕೆಯವು. ‘ಲಾರಿಗೆ ಬಾಲಕಿ ಬಲಿ’ ಎಂದು ಬರೆದೆ. ಅಳತೆ ಸರಿಯಾಗಿ ಕೂತಿತು, ಪುಟ ಹೋಯಿತು.

ಮೂರನೆಯ ದಿನ ಆ ಹುಡುಗಿಯ ತಂದೆ ಕಚೇರಿಗೆ ಬಂದರು. ಜಗಳ ಮಾಡಲಿಲ್ಲ. ಪತ್ರಿಕೆಯ ತುಣುಕನ್ನು ಮೇಜಿನ ಮೇಲಿಟ್ಟು, “ನಮ್ಮ ಹುಡುಗಿ ಹೋಗಿ ಇವತ್ತಿಗೆ ಮೂರು ದಿನ ಸ್ವಾಮಿ. ಅವಳನ್ನು ಬಲಿ ಕೊಟ್ಟವರು ಯಾರು?” ಎಂದು ಕೇಳಿದರು.

ನನ್ನಲ್ಲಿ ಉತ್ತರ ಇರಲಿಲ್ಲ. ಬಲಿ ಎಂದರೆ ಕೊಡುವ ಕೈಯೊಂದು ಇರಬೇಕು, ಪಡೆಯುವ ದೈವವೊಂದು ಇರಬೇಕು. ಊರಮ್ಮನ ಜಾತ್ರೆ ಕಂಡ ಯಾರಿಗಾದರೂ ಅದು ಗೊತ್ತು. ನನಗೂ ಗೊತ್ತಿತ್ತು. ಆದರೆ ದಿನವೂ ಅಪಘಾತಕ್ಕೆ, ಮಳೆಗೆ, ಸಿಡಿಲಿಗೆ, ಜ್ವರಕ್ಕೆ ‘ಬಲಿ’ ಹಾಕಿ ಹಾಕಿ ನನ್ನ ಕಿವಿ ಕಿವುಡಾಗಿತ್ತು.

ಅವರು ಹೋದ ಮೇಲೆ ಒಂದು ಹಾಳೆ ತೆಗೆದುಕೊಂಡು ಸಾವಿಗೆ ಕನ್ನಡದಲ್ಲಿ ಇರುವ ಮಾತುಗಳನ್ನು ಬರೆಯುತ್ತಾ ಹೋದೆ. ಸತ್ತರು, ತೀರಿಕೊಂಡರು, ತೀರಿಹೋದರು, ಹೋಗಿಬಿಟ್ಟರು, ಕಾಲವಾದರು, ಮಡಿದರು, ನಿಧನರಾದರು, ಅಸುನೀಗಿದರು, ದೈವಾಧೀನರಾದರು, ಲಿಂಗೈಕ್ಯರಾದರು, ಕೊನೆಯುಸಿರೆಳೆದರು, ಕಣ್ಮುಚ್ಚಿದರು. ಅರ್ಥ ಒಂದೇ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಇವುಗಳಲ್ಲಿ ಯಾವ ಎರಡನ್ನೂ ಒಂದರ ಜಾಗದಲ್ಲಿ ಇನ್ನೊಂದು ಇಡಲು ಬರುವುದಿಲ್ಲ. ‘ಮಡಿದರು’ ಎಂದರೆ ರಣರಂಗ ಕಣ್ಣಿಗೆ ಬರುತ್ತದೆ. ‘ತೀರಿಕೊಂಡರು’ ಎಂಬುದು ಮನೆಯ ಮಾತು, ಹೇಳುವವರಿಗೂ ಹೋದವರಿಗೂ ಒಂದು ನಂಟಿದೆ. ‘ಲಿಂಗೈಕ್ಯ’ ಒಂದು ಪರಂಪರೆಯ ನಂಬಿಕೆಯನ್ನೇ ಹೊತ್ತು ತರುತ್ತದೆ, ‘ಬೃಂದಾವನಸ್ಥ’ ಎಂಬುದು ಮಾಧ್ವ ಯತಿಗಳಿಗೇ ಮೀಸಲು. ‘ಅಸುನೀಗಿದರು’ ಎಂದು ಯಾವ ಮನೆಯಲ್ಲೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ, ಅದು ಬದುಕಿರುವುದು ನಮ್ಮಂಥವರ ಮೇಜಿನ ಮೇಲೆ. ಇನ್ನೂ ಒಂದು ಕಂಡಿತು, ಅದನ್ನು ಕಂಡು ನಾಚಿಕೆಯಾಯಿತು: ಗಣ್ಯರಾದರೆ ನಾವು ‘ನಿಧನ’ ಬರೆಯುತ್ತಿದ್ದೆವು, ಕೂಲಿಯವರಾದರೆ ‘ಸಾವು’. ಯಾರೂ ನಮಗೆ ಹಾಗೆ ಮಾಡಿ ಎಂದು ಹೇಳಿರಲಿಲ್ಲ.

ಒಳ್ಳೆಯ ಸಮಾನಾರ್ಥಕ ಪದಕೋಶ ಬರೆಯುವವರ ಮೇಜಿನ ಮೇಲೆ ಇರಲೇಬೇಕು ಎಂದು ನಾನು ಹಟ ಹಿಡಿದಿರುವುದು ಅಂದಿನಿಂದ. ನಿಘಂಟು ಪದದಿಂದ ಅರ್ಥಕ್ಕೆ ಕರೆದೊಯ್ಯುತ್ತದೆ. ಬರೆಯುವವರ ಪಾಡು ತಿರುವುಮುರುವು. ಅರ್ಥ ಎದೆಯಲ್ಲಿ ಇರುತ್ತದೆ, ಪದ ನಾಲಿಗೆಯ ತುದಿಗೆ ಬಂದು ನಿಂತಿರುತ್ತದೆ. ಆಗ ಅಕಾರಾದಿ ಏನೂ ಮಾಡದು. ಕತ್ತರಿಸುವ ಕೆಲಸವನ್ನೇ ನೋಡಿ. ಮರವನ್ನು ಕಡಿಯುತ್ತೇವೆ, ಹುಲ್ಲನ್ನು ಕೊಯ್ಯುತ್ತೇವೆ, ತರಕಾರಿ ಹೆಚ್ಚುತ್ತೇವೆ, ಕೊಂಬೆ ಸವರುತ್ತೇವೆ, ಕಟ್ಟಿಗೆ ಸೀಳುತ್ತೇವೆ, ಮಾಂಸ ಕೊಚ್ಚುತ್ತೇವೆ, ಕುಡಿ ಚಿವುಟುತ್ತೇವೆ. ಅನುವಾದ ಮಾಡಲು ಕೂತಾಗ ಇವೆಲ್ಲ ಮರೆತು, ಒಂದೇ ಪುಟದಲ್ಲಿ ನಾಲ್ಕು ಕಡೆ ‘ಕತ್ತರಿಸಿದಳು’ ಎಂದು ಬರೆದಿದ್ದೆ. ಓದಿ ಹೇಳಿದಾಗ ಅಮ್ಮ, “ಬದನೆಕಾಯಿಯನ್ನು ಹೆಚ್ಚುತ್ತಾರಪ್ಪ, ಕತ್ತರಿಸುವುದಕ್ಕೆ ಅದೇನು ಬಟ್ಟೆಯೇ?” ಎಂದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಈ ಮಾತುಗಳೆಲ್ಲ ಇವೆ. ಆದರೆ ‘ಕಡಿ’ ಒಂದು ಸಂಪುಟದಲ್ಲಿ, ‘ಹೆಚ್ಚು’ ಕಟ್ಟಕಡೆಯ ಸಂಪುಟದಲ್ಲಿ. ಅವು ಒಂದೇ ಮನೆಯ ಮಕ್ಕಳು ಎಂದು ತಿಳಿಯುವುದು ಮೊದಲೇ ಗೊತ್ತಿದ್ದವರಿಗೆ ಮಾತ್ರ.

ಇದು ನಿಘಂಟಿನ ತಪ್ಪಲ್ಲ. 1970ರಿಂದ 1995ರವರೆಗೆ ಸಂಪುಟದ ಮೇಲೆ ಸಂಪುಟವಾಗಿ ಬಂದ ಆ ಕೆಲಸದ ಮುಂದೆ ನಾನು ಕೈ ಮುಗಿಯುತ್ತೇನೆ. ಅದರ ಕೆಲಸ ಬೇರೆ, ನಾನು ಕೇಳುತ್ತಿರುವ ಕೋಶದ ಕೆಲಸ ಬೇರೆ.

ಆ ಕೋಶ ನಮಗೆ ಹೊಸದೂ ಅಲ್ಲ. ಇಂಗ್ಲಿಷಿನಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1805ರಲ್ಲಿ ಸ್ವಂತ ಬಳಕೆಗೆಂದು ಪದಪಟ್ಟಿ ಮಾಡಿಕೊಂಡು, 1852ರಲ್ಲಿ ಸಾವಿರ ಶೀರ್ಷಿಕೆಗಳ ಅಡಿಯಲ್ಲಿ ಅದನ್ನು ಹಿಗ್ಗಿಸಿ ಅಚ್ಚು ಹಾಕಿಸಿದರು. ಸಾವಿರ ವರ್ಷಕ್ಕೂ ಮೊದಲೇ ಅಮರಸಿಂಹ ಸಂಸ್ಕೃತದ ಪದಗಳನ್ನು ಸ್ವರ್ಗ, ಭೂಮಿ, ಕಾಡು, ಪ್ರಾಣಿ, ಮನುಷ್ಯ ಎಂದು ಅರ್ಥದ ಕೇರಿಗಳಾಗಿ ಕೂರಿಸಿ, ಬಾಯಿಪಾಠಕ್ಕೆ ಒಗ್ಗುವ ಶ್ಲೋಕಗಳಲ್ಲಿ ಕಟ್ಟಿಕೊಟ್ಟಿದ್ದ. ಕನ್ನಡದಲ್ಲಿ ರನ್ನನ ಹೆಸರಿನ ರನ್ನಕಂದ ಎಂಬ ಕೋಶದ ಕೆಲವೇ ಪದ್ಯಗಳು ಉಳಿದಿವೆ. ನಾಗವರ್ಮನ ವಸ್ತುಕೋಶವಿದೆ, ಮಂಗರಾಜನ ನಿಘಂಟು ಇದೆ. ಲಿಂಗಮಂತ್ರಿ ತನ್ನ ಕೋಶಕ್ಕೆ ಇಟ್ಟ ಹೆಸರೇ ‘ಕಬ್ಬಿಗರ ಕೈಪಿಡಿ’. ಬರೆಯುವವರ ಕೈಗೆಂದೇ ಮಾಡಿದ ಕೋಶ ಎಂದು ಹೆಸರಿನಲ್ಲೇ ಸಾರಿದ್ದಾನೆ. ಅವುಗಳ ಅಗತ್ಯವೂ ನಿಜವಾದದ್ದೇ. ಷಟ್ಪದಿಯ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂರಬೇಕು, ಮಾತ್ರೆ ತಪ್ಪಬಾರದು. ಒಂದು ವಸ್ತುವಿಗೆ ಹತ್ತು ಹೆಸರು ಬಾಯಲ್ಲಿ ಇಲ್ಲದವನು ಪದ್ಯದ ನಡುವೆ ಸಿಕ್ಕಿಬೀಳುತ್ತಿದ್ದ. ನಾನು ರಾತ್ರಿ ಹನ್ನೊಂದಕ್ಕೆ ಕಾಲಂನ ಅಗಲಕ್ಕೆ ಸಿಕ್ಕಿಬಿದ್ದಂತೆ.

ಇಂಥ ಪುಸ್ತಕ ಕೈಗೆ ಬಂದರೆ ಬರಹ ಆಡಂಬರವಾಗುತ್ತದೆ, ಮಳೆ ಬಂತು ಎನ್ನುವ ಬದಲು ‘ವರ್ಷಧಾರೆ’ ಸುರಿಯುತ್ತದೆ ಎಂದು ಹಿರಿಯ ಗೆಳೆಯರೊಬ್ಬರು ಆಗಾಗ ಹೇಳುತ್ತಾರೆ. ಅವರ ಭಯ ಸುಳ್ಳಲ್ಲ. ಗೊತ್ತಿಲ್ಲದೆ ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂದು ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲೇ ಎಚ್ಚರಿಸಿದೆ. ಆದರೆ ಹಾಲು ಒಡೆಯುವುದು ಕೆಟ್ಟ ಕೋಶದಿಂದ. ಸೂರ್ಯ, ರವಿ, ಭಾನು, ದಿನಕರ, ನೇಸರು ಎಂದು ಒಂದೇ ಸಾಲಿನಲ್ಲಿ ಪೋಣಿಸಿ ಸುಮ್ಮನಾಗುವ ಪುಸ್ತಕಗಳಿವೆ. ನನ್ನ ಕೈಗೆ ಸಿಕ್ಕ ಬಹಳಷ್ಟು ಪರೀಕ್ಷೆಗೆ ಕೂರುವವರಿಗಾಗಿ ಮಾಡಿದವು. ‘ಹೊತ್ತು ಮುಳುಗಿತು’ ಎನ್ನುವ ಊರಿನಲ್ಲಿ ‘ದಿನಕರ ಅಸ್ತಂಗತನಾದ’ ಎಂದರೆ ದನ ಹೊಡೆದುಕೊಂಡು ಮನೆಗೆ ಬರುತ್ತಿರುವ ಹುಡುಗ ಕಥೆಯಿಂದಲೇ ಆಚೆ ಹೋಗುತ್ತಾನೆ ಎಂದು ಆ ಪಟ್ಟಿ ಹೇಳುವುದಿಲ್ಲ. ಒಳ್ಳೆಯ ಕೋಶ ಹೇಳಬೇಕು. ಈ ಮಾತನ್ನು ಯಾರು ಆಡುತ್ತಾರೆ, ಯಾರ ಮುಂದೆ ಆಡುತ್ತಾರೆ, ಯಾವ ಸೀಮೆಯಲ್ಲಿ, ಮರ್ಯಾದೆಗೋ ಸಿಟ್ಟಿಗೋ, ಇಷ್ಟು ಪದದ ಪಕ್ಕದಲ್ಲಿ ಇರಬೇಕು. ಆಗ ಹತ್ತು ಪದ ನೋಡಿದವರು ಒಂಬತ್ತನ್ನು ಬಿಡಲು ಕಲಿಯುತ್ತಾರೆ. ಬಹಳ ಸಲ ಕೊನೆಗೆ ಉಳಿಯುವುದು ‘ಮಳೆ ಬಂತು’ ಎಂಬುದೇ.

ಆಗದ ಕೆಲಸ ಎನ್ನಬೇಡಿ. ಹಿಂದಿಯಲ್ಲಿ ಅರವಿಂದ ಕುಮಾರ್ 1978ರಲ್ಲಿ ಮುಂಬೈಯ ಸಿನಿಮಾ ಪತ್ರಿಕೆಯ ಸಂಪಾದಕ ಹುದ್ದೆ ಬಿಟ್ಟು, ಹೆಂಡತಿ ಕುಸುಮ್ ಅವರೊಂದಿಗೆ ಕೂತು ಕಾರ್ಡುಗಳ ಮೇಲೆ ಪದ ಬರೆದರು. ಅವರ ‘ಸಮಾಂತರ ಕೋಶ’ ನ್ಯಾಷನಲ್ ಬುಕ್ ಟ್ರಸ್ಟ್‌ನಿಂದ ಬಂದದ್ದು 1996ರಲ್ಲಿ. ಒಂದು ಸಂಸಾರ ಅಷ್ಟು ಮಾಡಿದೆ. ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಪ್ರಾಧಿಕಾರವೂ ಇರುವ ಕನ್ನಡದಲ್ಲಿ, ಬೀದರಿನಿಂದ ಚಾಮರಾಜನಗರದವರೆಗಿನ ಆಡುಮಾತನ್ನೂ ಸೇರಿಸಿಕೊಂಡು ಅರ್ಥದ ಕೇರಿಗಳಾಗಿ ಜೋಡಿಸಿದ ದೊಡ್ಡ ಕೋಶವೊಂದು ಬರಲಿ ಎಂಬುದು ದುರಾಸೆಯಲ್ಲ. ಮೊಬೈಲಿನಲ್ಲಿ ಸಿಗುವಂತಿದ್ದರೆ ಇನ್ನೂ ಒಳ್ಳೆಯದು.

ಅಲ್ಲಿಯವರೆಗೆ ನನ್ನದೊಂದು ಉದ್ದನೆಯ ಲೆಕ್ಕದ ಪುಸ್ತಕವಿದೆ. ಪುಟಕ್ಕೊಂದು ಶೀರ್ಷಿಕೆ: ಅಳು, ಹಸಿವು, ನೋಟ, ಮಳೆ, ಮುನಿಸು. ಬಸ್ಸಿನಲ್ಲಿ, ಸಂತೆಯಲ್ಲಿ, ನೆಂಟರ ಮನೆಯಲ್ಲಿ ಕೇಳಿದ್ದನ್ನು ಬರೆದುಕೊಳ್ಳುತ್ತೇನೆ. ಕಳೆದ ತಿಂಗಳು ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರು ಫೋನಿನಲ್ಲಿ “ಮಣ್ಣಿಗೆ ಹೋಗಿ ಬರುತ್ತಿದ್ದೇನೆ” ಎಂದರು. ಅಂತ್ಯಕ್ರಿಯೆ ಎಂಬ ಮಾತಿಗೆ ಆ ಭಾರ ಇಲ್ಲ. ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ ಸಾವಿಗೆ, ಅಳುವಿಗೆ, ಮುನಿಸಿಗೆ ಇರುವ ಮಾತುಗಳನ್ನು ಕೆಳಗೆ ಬರೆಯಿರಿ. ಯಾರು ಯಾರಿಗೆ ಹೇಳುವ ಮಾತು ಎಂಬುದನ್ನೂ ಸೇರಿಸಿ.

ಸಾವಿನ ಪುಟದ ಮೊದಲ ಸಾಲು ಆ ದಿನ ಬರೆದದ್ದು. ‘ಹೋಗು. ತಂದೆ, ಮಗಳ ಬಗ್ಗೆ, ಮೂರನೆಯ ದಿನ.’