ಹೊಗೆ ತಾಗಿದರೆ ಏಳುವ ಬೀಜಗಳು

ಊರಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಯಾರೇ ಬಂದರೂ ನಾವು ಮೊದಲು ತೋರಿಸುವುದು ಕಿಂಗ್ಸ್ ಪಾರ್ಕ್. ಗುಡ್ಡದ ಮೇಲಿಂದ ಸ್ವಾನ್ ನದಿ ನೋಡಿ, ಫೋಟೊ ತೆಗೆಸಿಕೊಂಡು, ಹುಲ್ಲಿನ ಮೇಲೆ ಕೂತು ಪುಳಿಯೋಗರೆ ತಿಂದು ವಾಪಸ್. ಪಕ್ಕದಲ್ಲೇ ಇರುವ ಸಸ್ಯೋದ್ಯಾನದ ಒಳಗೆ ಹೋಗುವವರು ಕಡಿಮೆ. "ಬರೀ ಕುರುಚಲು ಗಿಡ, ನಾಲ್ಕು ಗುಲಾಬಿ ಹಾಕಬಾರದಿತ್ತಾ?" ಅಂತ ಕೇಳುತ್ತಾರೆ. ನನಗೆ ನಿಜವಾಗಿ ನೋವಾಗುತ್ತದೆ.

ಇಲ್ಲಿನ ಹವೆ ನಮ್ಮೂರಿಗೆ ಪೂರ್ತಿ ಉಲ್ಟಾ. ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಹನಿ ನೀರಿಲ್ಲ. ಮೆಡಿಟರೇನಿಯನ್ ಸೀಮೆ, ಕ್ಯಾಲಿಫೋರ್ನಿಯಾ, ಚಿಲಿ, ದಕ್ಷಿಣ ಆಫ್ರಿಕಾದ ಕೇಪ್ ಬಿಟ್ಟರೆ ಇಂಥ ಹವೆ ಸಿಗುವುದು ಇಲ್ಲೇ. ಈ ಮರಳು ಮಣ್ಣಿನಲ್ಲಿ ಬದುಕುವ ಎಷ್ಟೋ ಗಿಡಗಳು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1965ರಲ್ಲಿ ಶುರುವಾದ ಈ ತೋಟ ಬೆಳೆಸುತ್ತಿರುವುದು ಅವನ್ನೇ.

ಹೋದ ಸೆಪ್ಟೆಂಬರ್‌ನಲ್ಲಿ ಅಮ್ಮ ಬಂದಿದ್ದರು. ಕಾಂಗರೂ ಪಾ ಹೂವಿನ ಕೆಂಪು ದಂಟು ಮುಟ್ಟಿ, "ಮಖಮಲ್ಲಿದ್ದ ಹಾಗಿದೆಯಲ್ಲೋ!" ಅಂದರು. ಬ್ಯಾಂಕ್ಸಿಯಾ ಅನ್ನುವ ಇಲ್ಲಿನ ಗಿಡದ ಕಾಯಿ ತೋರಿಸಿದೆ. ಕಟ್ಟಿಗೆಯಷ್ಟು ಗಟ್ಟಿ, ಮೈತುಂಬ ಮುಚ್ಚಿದ ಬಾಯಿಗಳು. ಕೆಲವು ಜಾತಿಗಳಲ್ಲಿ ಕಾಡ್ಗಿಚ್ಚಿನ ಬಿಸಿ ತಾಗಿದ ಮೇಲೇ ಆ ಬಾಯಿ ತೆರೆದು ಬೀಜ ಉದುರುತ್ತದೆ. ಇನ್ನು ಕೆಲವು ಬೀಜಗಳಿಗೆ ಹೊಗೆ ಬೇಕು. ಎಷ್ಟು ನೀರು ಹಾಕಿದರೂ ಮೊಳೆಯದವು, ಹೊಗೆ ಹಿಡಿದ ನೀರು ಹಾಕಿದರೆ ಏಳುತ್ತವೆ. ಹೊಗೆಯಲ್ಲಿ ಆ ಕೆಲಸ ಮಾಡುವ ವಸ್ತು ಯಾವುದು ಅಂತ 2004ರಲ್ಲಿ ಪತ್ತೆ ಹಚ್ಚಿದವರಲ್ಲಿ ಇಲ್ಲಿನ ವಿಜ್ಞಾನಿಗಳೂ ಇದ್ದರು. ಆ ಬಗೆಯ ವಸ್ತುಗಳಿಗೆ ಇಟ್ಟ ಹೆಸರು ಕ್ಯಾರಿಕಿನ್. ಈ ನೆಲದ ಮೂಲ ಜನರಾದ ನೂಂಗಾರರ ಭಾಷೆಯಲ್ಲಿ 'ಕ್ಯಾರಿಕ್' ಅಂದರೆ ಹೊಗೆ. ಎಷ್ಟು ಚೆಂದದ ಹೆಸರು ಅಲ್ವಾ?

ಕೊರಿಗಿನ್ ಗ್ರೆವಿಲ್ಲಿಯಾ ಅಂತ ಒಂದು ಗಿಡವಿದೆ. ನಮ್ಮ ಕಾಫಿ ತೋಟದ ಸಿಲ್ವರ್ ಓಕ್‌ನ ನೆಂಟ, ಆದರೆ ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಕಾಡಿನಲ್ಲಿ ಐವತ್ತು ಗಿಡವೂ ಉಳಿದಿರಲಿಲ್ಲ, ಅವೂ ಹೆಚ್ಚಾಗಿ ರಸ್ತೆ ಬದಿಯಲ್ಲಿ. ನಮ್ಮಲ್ಲಿ ಬಾಳೆ ಸಸಿ ಮಾಡುವ ಟಿಶ್ಯೂ ಕಲ್ಚರ್‌ನಿಂದಲೇ ಇಲ್ಲಿನವರು ಅದರ ಸಸಿ ಮಾಡಿ ಮತ್ತೆ ಅದರ ಊರಲ್ಲೇ ನೆಟ್ಟರು.

1970ರ ದಶಕದಿಂದೀಚೆ ಈ ಭಾಗದಲ್ಲಿ ಮಳೆ ಕಡಿಮೆಯಾಗಿದೆ. ಇಂಥ ಕಡೆ ಗುಲಾಬಿಗೆ, ಹುಲ್ಲಿಗೆ ಇನ್ನೂ ನೀರು ಸುರಿಯಬೇಕಾ? ಗುಲಾಬಿ ಎಲ್ಲ ಕಡೆ ಸಿಗುತ್ತದೆ. ಈ ಗಿಡಗಳು ಇಲ್ಲಿ ಹೋದರೆ ಹೋದವೇ. ಮುಂದಿನ ಸಲ ನೆಂಟರು ಬಂದಾಗ, ಸುಮ್ನೆ ಅರ್ಧ ಗಂಟೆ ಒಳಗೆ ಕರೆದುಕೊಂಡು ಹೋಗಿ. ಟಿಕೆಟ್ ಇಲ್ಲ. ಸೆಪ್ಟೆಂಬರ್ ಆದರೆ ಹೂವು ಜಾಸ್ತಿ.