ಕೋಯಂಬೇಡಿನ ಟೊಮೆಟೊ, ನಮ್ಮೂರ ಕೆರೆ

ಕಳೆದ ವಾರ ಕೋಯಂಬೇಡು ಮಾರುಕಟ್ಟೆಯಲ್ಲಿ ಟೊಮೆಟೊ ಆರಿಸುತ್ತಿದ್ದೆ. ಕ್ರೇಟಿನ ಮೇಲೆ ಕೋಲಾರದ ಮಂಡಿಯ ಹೆಸರು, ಕನ್ನಡದಲ್ಲಿ. ಚೆನ್ನೈಗೆ ಬಂದು ಹನ್ನೊಂದು ವರ್ಷವಾದರೂ ಆ ಅಕ್ಷರ ಕಂಡರೆ ಕೈ ತಾನಾಗಿ ಅತ್ತ ಹೋಗುತ್ತದೆ. ಪಕ್ಕದಲ್ಲಿದ್ದ ಹೆಂಗಸು, "ಕೋಲಾರದ್ದಾ? ಅಲ್ಲಿ ಬೆಂಗಳೂರಿನ ಚರಂಡಿ ನೀರು ಬಿಡ್ತಾರಂತಲ್ಲ" ಎಂದು ತಮಿಳಿನಲ್ಲಿ ಹೇಳಿ, ಹಿಡಿದ ಹಣ್ಣು ಅಲ್ಲೇ ಇಟ್ಟು ಮುಂದಿನ ಅಂಗಡಿಗೆ ಹೋದರು. ಜಗಳಕ್ಕೆ ಬಾಯಿ ತೆರೆದೆ. ಮಾತೇ ಸಿಗಲಿಲ್ಲ.

ಅದೇ ಕೋಯಂಬೇಡಿನಲ್ಲಿ ಚೆನ್ನೈನ ಕೊಳಚೆ ನೀರನ್ನು ಮೂರನೇ ಹಂತದವರೆಗೆ, ಆರ್‌ಒ ದಾಟಿಸಿ ಶುದ್ಧ ಮಾಡುವ ಘಟಕವಿದೆ. ದಿನಕ್ಕೆ 4.5 ಕೋಟಿ ಲೀಟರ್ ಸಾಮರ್ಥ್ಯ. ಅಷ್ಟು ತೊಳೆದ ನೀರು ಹೋಗುವುದು ಶ್ರೀಪೆರಂಬುದೂರು, ಒರಗಡಂ ಕಡೆಯ ಕಾರ್ಖಾನೆಗಳಿಗೆ.

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕಡೆಯ ಕೆರೆಗಳಿಗೆ ಹರಿಸುವುದು ನಮ್ಮ ಕೆ.ಸಿ. ವ್ಯಾಲಿ ಯೋಜನೆ. ಆ ನೀರಿಗೆ ಆಗುವುದು ಎರಡೇ ಹಂತದ ಶುದ್ಧೀಕರಣ. ಯೋಜನೆಯಲ್ಲಿದ್ದದ್ದು ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಕೋಲಾರದ ನರಸಾಪುರದಲ್ಲಿ ನಮಗೂ ಕಾರ್ಖಾನೆಗಳಿದ್ದವು. ಆದರೂ ನೀರು ಹರಿದದ್ದು ಕೆರೆಗೆ.

2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಅಮ್ಮ ಫೋನಿನಲ್ಲಿ ಅತ್ತಿದ್ದಳು. ಎಷ್ಟೋ ವರ್ಷದ ಮೇಲೆ ಊರಿನ ಹೆಂಗಸರು ಗಂಗಮ್ಮನಿಗೆ ತಂಬಿಟ್ಟಿನ ದೀಪ ಹೊತ್ತರು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ. ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಕೊಟ್ಟಿತು. ಎರಡು ಸಲವೂ ತಡೆ ತೆರವಾಯಿತು, ನೀರು ಮತ್ತೆ ಹರಿಯಿತು.

ನನಗೆ ಸಂಕಟವಾಗುವುದು ಕೋರ್ಟಿನ ಬಗ್ಗೆ ಅಲ್ಲ, ನಮ್ಮವರ ಬಗ್ಗೆ. ಕೋರ್ಟಿಗೆ ಹೋದವರು ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂದರು. ಅದಕ್ಕೆ ಅರಳಿಕಟ್ಟೆಯಲ್ಲಿ ಸಿಕ್ಕಿದ್ದು ಬೈಗುಳ. "ಬಂದ ಗಂಗೇನ ನಿಲ್ಲಿಸೋಕೆ ಹೊರಟವ್ರೆ" ಅಂದವರಲ್ಲಿ ನನ್ನ ಅಣ್ಣನೂ ಒಬ್ಬ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳುವ ಈ ಗುಣ ನನಗೆ ಸಹಿಸುವುದಿಲ್ಲ. ಇಲ್ಲಿ ನಮ್ಮ ಬೀದಿಯ ಕೊಳಾಯಿಯಲ್ಲಿ ಒಂದು ದಿನ ವಾಸನೆ ಬಂದರೆ ಹೆಂಗಸರು ಬಿಂದಿಗೆ ಹಿಡಿದು ರಸ್ತೆಗೆ ಇಳಿಯುತ್ತಾರೆ. ಪಶ್ಚಿಮ ಘಟ್ಟದಿಂದ ನಮ್ಮ ಕಡೆಗೆ ಕುಡಿಯುವ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಅದನ್ನೇ ಕಾಯುತ್ತಾ ಕುಳಿತವರು ನಾವು.

ಹಾಗಂತ ಚೆನ್ನೈಯನ್ನು ಹೊಗಳಿ ಮುಗಿಸಲೂ ಆಗದು. ಕೋಯಂಬೇಡಿನ ಹತ್ತಿರವೇ ಕೂವಂ ನದಿ ಕಪ್ಪಗೆ ಹರಿಯುತ್ತದೆ, ಮೂಗು ಮುಚ್ಚದೆ ಸೇತುವೆ ದಾಟಲಾಗದು. ಕುಡಿಯಲು ಇನ್ನೂರು ಕಿಲೋಮೀಟರಿಗೂ ಆಚೆಯ ವೀರಾಣಂ ಕೆರೆಯಿಂದ ನೀರು ತರುವ ಊರಿದು. ಅಣ್ಣನ ಮಾತನ್ನೂ ತಳ್ಳಿಹಾಕಲಾರೆ. ಸಾವಿರದ ನಾನೂರು ಅಡಿ ಕೊರೆಸಿ, ಧೂಳು ಬಂದು, ಸಾಲ ಉಳಿದಿದ್ದ ಮನೆ ನಮ್ಮದು. ಕೆರೆ ತುಂಬಿದ ಮೇಲೆ ಅವನ ಹಳೇ ಬೋರಿನಲ್ಲಿ ನೀರು ಬಂತು. ಒಂದೂವರೆ ಎಕರೆ ಟೊಮೆಟೊ ಹಾಕಿದ. ಮಗಳ ಕಾಲೇಜು ಫೀಸು ಕಟ್ಟಿದ್ದು ಅದರಲ್ಲೇ. ಆ ಸಂಕಟ ಪಡದವನು ಇಲ್ಲಿಂದ ಅವನಿಗೆ ಬುದ್ಧಿ ಹೇಳುವುದು ಸುಲಭ.

ಅವತ್ತು ಎರಡು ಕಿಲೋ ಕೊಂಡು ತಂದೆ. ರಾತ್ರಿ ಅಣ್ಣನಿಗೆ ಫೋನ್ ಮಾಡಿ ಆ ಹೆಂಗಸಿನ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಮನೇಲಿ ಕುಡಿಯೋಕೆ ಏನ್ ನೀರು?" ಅಂದೆ.

"ಅದಕ್ಕೆ ಕುಡಿಯೋ ನೀರಿನ ಘಟಕದಿಂದ ಕ್ಯಾನ್ ತರ್ತೀನಿ ಕಣೋ. ಬೋರಿಂದು ತೋಟಕ್ಕೆ ಮಾತ್ರ" ಅಂದ.